ಗೆಳತಿ ಯಾವ ವರಸೆ?

ಮದುವೆಯಾಗಿ ಹತ್ತಿಪ್ಪತ್ತು ವರ್ಷ ಕಳೆದ ಹೆಂಗಸೊಬ್ಬಳು ಮನೆಯಲ್ಲಿ 'ನಾಳೆ ಗೆಳತಿಯನ್ನ ನೋಡ್ಕಂಡು ಬರ್ತೀನಿ' ಎಂದಷ್ಟೇ ಹೇಳಿ, ಬೇರೆ ಯಾವ ಕಾರಣವನ್ನೂ ಅದಕ್ಕೆ ಅಂಟಿಸದೆ ಬಸ್ಸು ಹತ್ತಿದ್ದನ್ನು ಎಷ್ಟು ಜನ ಕಂಡಿದ್ದೀರಿ? ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಕಡೆ ನಾನಂತೂ ಕಂಡಿಲ್ಲ. ತಂಗಿಯ ಮಗಳು ಮೈನೆರೆದದ್ದು, ತಮ್ಮನ ಮನೆಯ ಗೃಹಪ್ರವೇಶ, ಸೋದರತ್ತೆಯ ತಿಥಿ, ದೇವರ ಹರಕೆ, ಕಣ್ಣಿನ ಆಪರೇಷನ್ ಇವೆಲ್ಲ ಹೊರಡಲು ತಕ್ಕ ಕಾರಣಗಳು. ಯಾರೂ ಎರಡನೆಯ ಮಾತು ಆಡುವುದಿಲ್ಲ. ಗೆಳತಿಯ ಹೆಸರು ಹೇಳಿದರೆ ಮಾತ್ರ ಅತ್ತೆಯಿಂದಲೋ ಗಂಡನಿಂದಲೋ ಬೆಳೆದು ನಿಂತ ಮಗನಿಂದಲೋ ಪ್ರಶ್ನೆ ಬರುತ್ತದೆ: 'ಅಲ್ಲೇನೈತೆ?'

ಬದುಕಿನುದ್ದಕ್ಕೂ ಉಳಿಯುವ ಸ್ನೇಹದ ಬಗ್ಗೆ ನಾವು ಭಾವುಕರಾಗಿ ಮಾತಾಡುತ್ತೇವೆ. ದೂರ ಹೋದ ಗೆಳೆಯರು ಎಷ್ಟೋ ವರ್ಷಗಳ ಮೇಲೆ ಸೇರಿದರು, ತಬ್ಬಿಕೊಂಡು ಅತ್ತರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಬಸ್ ಚಾರ್ಜು ಯಾರು ಕೊಟ್ಟರು, ಆ ಎರಡು ದಿನ ಮನೆಯ ಎಮ್ಮೆಗೆ ನೀರು ಕುಡಿಸಿದವರು ಯಾರು, ಹಿಂದಿರುಗಿದ ಮೇಲೆ ಮನೆಯಲ್ಲಿ ಯಾರ ಮುಖ ಎಷ್ಟು ದಿನ ಊದಿಕೊಂಡಿತ್ತು ಎಂದು ಕೇಳುವವರಿಲ್ಲ. ನನಗೆ ಕುತೂಹಲವಿರುವುದೇ ಅದರಲ್ಲಿ. ದೊಡ್ಡಉಳ್ಳಾರ್ತಿಯಿಂದ, ನಮ್ಮ ಕಡೆಯ ಹುಡುಗಿಯರನ್ನು ಕೊಡುವ ಆಂಧ್ರದ ರಾಯದುರ್ಗದ ಸೀಮೆ ದೂರವೇನಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ಗೆಳತಿಯನ್ನು ನೋಡುವುದು ಹೊರಡಲು ಸಾಕಾಗುವಷ್ಟು ದೊಡ್ಡ ಕಾರಣವೆಂದು ಮನೆಯಾಗಲಿ ಊರಾಗಲಿ ಒಪ್ಪದಿರುವುದೇ ಆ ದಾರಿಯನ್ನು ಉದ್ದ ಮಾಡಿದೆ.

2011ರ ಜನಗಣತಿಯ ಲೆಕ್ಕದಲ್ಲಿ ದೇಶದ ಸುಮಾರು 45 ಕೋಟಿ ಜನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ನೆಲೆಸಿದವರು. ಅವರಲ್ಲಿ ಹೆಂಗಸರೇ ಹೆಚ್ಚು, ಹೆಂಗಸರು ಊರು ಬಿಡುವುದಕ್ಕೆ ಅತಿ ದೊಡ್ಡ ಕಾರಣ ಮದುವೆ. ಮಳೆ ಕೈಕೊಟ್ಟ ವರ್ಷ ಚಳ್ಳಕೆರೆ, ಮೊಳಕಾಲ್ಮುರಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ ಹೋಗುವವರ ಬಗ್ಗೆ ಪತ್ರಿಕೆಗಳು ಬರೆಯುತ್ತವೆ, ಬರೆಯಬೇಕಾದ್ದೇ. ಆದರೆ ಮಳೆ ಬಂದರೂ ಬರದಿದ್ದರೂ ಪ್ರತಿ ವರ್ಷ ಊರು ಬಿಡುವ ಹುಡುಗಿಯರು ತಮ್ಮ ಹಿಂದೆ ಯಾರನ್ನು ಬಿಟ್ಟು ಹೋದರು ಎಂಬ ವಿಚಾರಕ್ಕೆ ಯಾವ ಕಾಲಮ್ಮೂ ಇಲ್ಲ. ಅಪ್ಪ ಅಮ್ಮ ಅಣ್ಣ ತಮ್ಮ ಎಂದರೆ ತವರು. ಹನ್ನೆರಡು ವರ್ಷ ಜೊತೆಯಲ್ಲೇ ಇದ್ದ ಹುಡುಗಿ ತವರಿನ ಲೆಕ್ಕಕ್ಕೆ ಬರುವುದಿಲ್ಲ.

ನನಗೆ ವರಸೆಯಲ್ಲಿ ದೊಡ್ಡಮ್ಮ ಆಗಬೇಕಾದ ಒಬ್ಬರು ದೊಡ್ಡಉಳ್ಳಾರ್ತಿಯಲ್ಲಿದ್ದಾರೆ. ಹುಟ್ಟಿದ್ದೂ ಅಲ್ಲೇ, ಸೋದರಮಾವನನ್ನೇ ಮದುವೆಯಾಗಿ ಉಳಿದದ್ದೂ ಅಲ್ಲೇ. ಅವರ ಗೆಳತಿ ಹತ್ತಿರದ ಗೊಲ್ಲರಹಟ್ಟಿಯವರು. ಗಡಿಯಾಚೆ ರಾಯದುರ್ಗದ ಬಳಿಯ ಹಳ್ಳಿಗೆ ಕೊಟ್ಟರು. ಇಬ್ಬರೂ ನಾಲ್ಕನೇ ಕ್ಲಾಸಿನವರೆಗೆ ಒಟ್ಟಿಗೆ ಕೂತವರು, ಆಮೇಲೆ ಸ್ಕೂಲು ಬಿಟ್ಟು ಉಳ್ಳಾರ್ತಿ ಕಾವಲಿನಲ್ಲಿ ಕುರಿ ಕಾಯ್ದವರು. ಕಾವಲು ಎಂದರೆ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು. ಸುತ್ತಲ ಹಳ್ಳಿ ಹಟ್ಟಿಗಳ ಕುರಿ ಮೇಕೆಗೂ ಅದೇ ಆಧಾರ. ಊರೊಳಗೆ ಯಾರ ಕೇರಿ ಯಾವುದು, ಯಾರು ಯಾರ ಜಗುಲಿಯವರೆಗೆ ಬರಬಹುದು ಎಂಬುದಕ್ಕೆ ಕಟ್ಟುಪಾಡುಗಳಿದ್ದವು. ಕಾವಲಿನಲ್ಲಿ ಕುರಿಗಳು ಬೆರೆತರೆ ಮಕ್ಕಳೂ ಬೆರೆಯಲೇಬೇಕು. ಬುತ್ತಿ ಬಿಚ್ಚುವ ಹೊತ್ತಿಗೆ ಹಸಿವು ಜಾತಿ ಕೇಳುತ್ತಿರಲಿಲ್ಲ ಎಂದು ದೊಡ್ಡಮ್ಮ ಹೇಳುತ್ತಾರೆ. ಮನೆಗೆ ಬಂದು ಅದನ್ನು ಹೇಳುತ್ತಿರಲಿಲ್ಲ ಎಂಬುದನ್ನೂ ಸೇರಿಸುತ್ತಾರೆ.

ಆ ಕಾವಲುಗಳ ಸಾವಿರಾರು ಎಕರೆ ಈಗ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಗಳ ಪಾಲಾಗಿ, ಬಹುಭಾಗಕ್ಕೆ ಕಾಂಪೌಂಡು ಎದ್ದಿದೆ. ಅದರ ನ್ಯಾಯಾನ್ಯಾಯ ಬೇರೆಯೇ ಲೇಖನದ ವಿಷಯ. ಇಲ್ಲಿ ಹೇಳಬೇಕಾದ್ದು ಒಂದೇ: ಹುಲ್ಲು ಹೋದದ್ದಕ್ಕೆ ಲೆಕ್ಕ ಹಾಕಿ ಹೋರಾಡಿದವರಿದ್ದಾರೆ, ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಬೇರೆ ಬೇರೆ ಕೇರಿಯ ಮಕ್ಕಳು ಯಾರ ಅಪ್ಪಣೆಯೂ ಇಲ್ಲದೆ ಸೇರಬಹುದಾಗಿದ್ದ ಜಾಗ ಹೋದದ್ದು ಯಾವ ಅರ್ಜಿಯಲ್ಲೂ ಬರೆಯಲಾಗದ ನಷ್ಟ.

ಗೆಳತಿಯರ ಅಗಲಿಕೆಯನ್ನು ನಮ್ಮ ಸಾಹಿತ್ಯ ಹೇಗೆ ಕಂಡಿದೆ ಎಂದು ಹುಡುಕಿದರೆ ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕ ಎದುರಾಗುತ್ತದೆ. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಮೇಲೆ ಅದು ನಮ್ಮದೂ ಆದ ನಾಟಕ. ಗಂಡನ ಮನೆಗೆ ಹೊರಟ ಶಕುಂತಲೆ, ಗೆಳತಿಯರು ಇಲ್ಲಿಂದಲೇ ಹಿಂದಿರುಗಬೇಕೇ ಎಂದು ಕೇಳುತ್ತಾಳೆ. ಅವರೂ ಮದುವೆ ಮಾಡಿಕೊಡಬೇಕಾದ ಹೆಣ್ಣುಮಕ್ಕಳು, ಅಲ್ಲಿಗೆ ಬರುವುದು ಸರಿಯಲ್ಲ, ನಿನ್ನ ಜೊತೆ ಗೌತಮಿ ಬರುತ್ತಾಳೆ ಎನ್ನುತ್ತಾರೆ ಕಣ್ವರು. ಅಲ್ಲಿಗೆ ಅನಸೂಯೆ ಪ್ರಿಯಂವದೆಯರ ಕಥೆ ಮುಗಿಯಿತು. ರಂಗದ ಮೇಲೆ ಅವರು ಮತ್ತೆ ಬರುವುದಿಲ್ಲ. ದೂರ್ವಾಸರ ಶಾಪದ ಸಂಗತಿ ಗೊತ್ತಿದ್ದದ್ದು ಆ ಇಬ್ಬರಿಗೇ ಎಂಬುದನ್ನು ಮರೆಯಬಾರದು. ಅವರು ಜೊತೆಗೆ ಹೋಗಿದ್ದರೆ ದುಷ್ಯಂತನ ಸಭೆಯಲ್ಲಿ ಬಾಯಿ ಬಿಡುತ್ತಿರಲಿಲ್ಲವೇ? ಕೊನೆಯ ಅಂಕದಲ್ಲಿ ಗಂಡ ಹೆಂಡತಿ ಮಗ ಸೇರುತ್ತಾರೆ, ಕಣ್ವರಿಗೂ ಸುದ್ದಿ ಹೋಗುತ್ತದೆ. ಗೆಳತಿಯರನ್ನು ಸೇರಿಸಬೇಕೆಂದು ಕಾಳಿದಾಸನಂಥ ಕವಿಗೂ ಹೊಳೆಯಲಿಲ್ಲ, ನೋಡುವವರಿಗೂ ಏನೋ ಬಾಕಿ ಉಳಿಯಿತು ಅನಿಸಲಿಲ್ಲ.

ಗಂಡಸರಿಗೆ ಈ ಕೊರತೆಯಿಲ್ಲ. ಕುಚೇಲ ದ್ವಾರಕೆಗೆ ಹೋಗಿ ಬಾಲ್ಯದ ಗೆಳೆಯನನ್ನು ಕಂಡ. ದ್ರೋಣ ಪಾಂಚಾಲಕ್ಕೆ ಹೋಗಿ ದ್ರುಪದನಿಂದ ಅವಮಾನ ಪಟ್ಟ. ಒಂದು ಭೇಟಿ ಒಳ್ಳೆಯದಾಯಿತು, ಇನ್ನೊಂದು ಕೆಟ್ಟಿತು. ಎರಡರಲ್ಲೂ ಹೊರಟವನನ್ನು ಯಾರೂ ತಡೆಯಲಿಲ್ಲ. ಭಾಗವತದ ಪ್ರಕಾರ ಕುಚೇಲನಿಗೆ ಹೋಗಿ ಬಾ ಎಂದು ಹೇಳಿದವಳು ಹೆಂಡತಿ. ಅಕ್ಕಪಕ್ಕದ ಮನೆಗಳಲ್ಲಿ ಬೇಡಿ ನಾಲ್ಕು ಹಿಡಿ ಅವಲಕ್ಕಿ ತಂದು ಹಳೆಯ ಬಟ್ಟೆಯಲ್ಲಿ ಕಟ್ಟಿಕೊಟ್ಟವಳೂ ಅವಳೇ. ಅವಳಿಗೂ ಎಲ್ಲೋ ಒಬ್ಬ ಗೆಳತಿ ಇದ್ದಿರಬೇಕು.

ಮದುವೆ ಹೆಂಗಸರನ್ನು ಗೆಳತಿಯರಿಂದ ದೂರ ಮಾಡುತ್ತದೆ ಎಂಬ ಮಾತಿಗೆ ಒಂದು ಆಕ್ಷೇಪ ಬರಬಹುದು. ದಕ್ಷಿಣದಲ್ಲಿ ಹೆಣ್ಣನ್ನು ತೀರಾ ಅಪರಿಚಿತರಿಗೆ ಕೊಡುವುದಿಲ್ಲವಲ್ಲ, ಸೋದರಮಾವ, ಅತ್ತೆ ಮಗ ಎಂದು ಗೊತ್ತಿದ್ದ ಮನೆಗೇ ಕೊಡುತ್ತಾರಲ್ಲ ಎಂದು. ನಿಜ. ಇರಾವತಿ ಕರ್ವೆ 1953ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಇರುವ ಈ ವ್ಯತ್ಯಾಸವನ್ನೇ ಎತ್ತಿ ತೋರಿಸಿದರು: ಇಲ್ಲಿನ ಸೊಸೆ ಹೋಗುವುದು ನೆಂಟರ ಮನೆಗೆ. ಆದರೆ ಈ ಅನುಕೂಲ ನೆಂಟರಿಗೆ ಮಾತ್ರ. ಒಂದೇ ಬಳ್ಳಿಯವರು ಮದುವೆ, ನಾಮಕರಣ, ತಿಥಿ ಎಂದು ವರ್ಷದಲ್ಲಿ ಮೂರು ನಾಲ್ಕು ಸಲ ಬೇಡವೆಂದರೂ ಎದುರುಬದುರಾಗುತ್ತಾರೆ. ಬೇರೆ ಜಾತಿಯ ಗೆಳತಿಯರಿಗೆ ಇಬ್ಬರನ್ನೂ ಕರೆಯುವ ಒಂದೇ ಒಂದು ಸಮಾರಂಭವೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಜನ ಸೇರುವ ಹೆಚ್ಚಿನ ಸಂದರ್ಭಗಳನ್ನು ಜಾತಿಯೇ ಏರ್ಪಡಿಸುತ್ತದೆ. ಹಾಗಾಗಿ ಜಾತಿ ದಾಟಿ ಹುಟ್ಟಿದ ಸ್ನೇಹ ಯಾರೂ ವಿರೋಧಿಸದಿದ್ದರೂ ತಾನಾಗಿ ಸೊರಗುತ್ತದೆ. ವಿರೋಧಿಸಿದರೆ ಹಟ ಹಿಡಿದಾದರೂ ಉಳಿಸಿಕೊಳ್ಳಬಹುದಿತ್ತು.

ಸ್ನೇಹಕ್ಕೆ ಜಾಗವಿತ್ತೇ ಎಂದು ಇನ್ನೂ ಹಿಂದಕ್ಕೆ ಹೋಗಿ ನೋಡಿದರೆ, ನಮ್ಮ ಸೀಮೆಯ ಅತಿ ಹಳೆಯ ಬರಹ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲಿದೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು. ತಂದೆತಾಯಿಗಳ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರೊಡನೆ ತಕ್ಕ ಹಾಗೆ ನಡೆದುಕೊಳ್ಳಬೇಕು ಎಂದು ಬ್ರಹ್ಮಗಿರಿಯ ಬಂಡೆ ಹೇಳುತ್ತದೆ. ಆ ಪಟ್ಟಿಯಲ್ಲಿ ಸ್ನೇಹಿತರಿಲ್ಲ. ಗುಜರಾತಿನ ಗಿರ್ನಾರ್ ಬಂಡೆಯಲ್ಲಿ ಅದೇ ಅಶೋಕ ಮಿತ್ರರನ್ನೂ ಪರಿಚಿತರನ್ನೂ ನೆಂಟರ ಜೊತೆಗೇ ಸೇರಿಸಿ, ಅವರಿಗೆ ಕೊಡುವುದು ಒಳ್ಳೆಯದು ಎನ್ನುತ್ತಾನೆ. ಆದ್ದರಿಂದ ಒಂದು ಶಾಸನದಲ್ಲಿ ಇಲ್ಲದ್ದಕ್ಕೆ ಅತಿಯಾಗಿ ಅರ್ಥ ಹಚ್ಚಬಾರದು. ಆದರೆ ಇಪ್ಪತ್ತೆರಡು ಶತಮಾನ ಕಳೆದ ಮೇಲೂ ಬ್ರಹ್ಮಗಿರಿಯ ಪಟ್ಟಿಯೇ ಇಲ್ಲಿ ಜಾರಿಯಲ್ಲಿದೆ ಎಂದು ಹೇಳದಿರಲಾರೆ. ಆಸ್ಪತ್ರೆಯ ಫಾರಂನಲ್ಲಿ 'ಸಂಬಂಧ' ಎಂಬ ಜಾಗದಲ್ಲಿ ಗೆಳತಿ ಎಂದು ಬರೆದವರನ್ನು ಕೌಂಟರಿನಾಚೆಯಿಂದ ಒಮ್ಮೆ ತಲೆಯೆತ್ತಿ ನೋಡುತ್ತಾರೆ.

ಹಾಗಾದರೆ ಇಷ್ಟು ಕಾಲ ಈ ಸ್ನೇಹಗಳು ಬದುಕಿದ್ದು ಹೇಗೆ? ದೇವರಿಂದ, ಅಂದರೆ ಜಾತ್ರೆಯಿಂದ. ಶ್ರಾವಣ ಕಳೆದು ಬರುವ ಮಂಗಳವಾರ ಗೌರಸಮುದ್ರದ ಮಾರಮ್ಮನ ಜಾತ್ರೆ. ಆಂಧ್ರದ ಕಡೆಯಿಂದಲೂ ಜನ ಕಿಕ್ಕಿರಿದು ಬರುತ್ತಾರೆ, ಹರಕೆಯೆಂದು ಈರುಳ್ಳಿ ತೂರುತ್ತಾರೆ, ಕೋಳಿ ತೂರುತ್ತಾರೆ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು, ಒಣಕೊಬ್ಬರಿ ಸುಡುವ ಹೊಗೆ. ಇವು ಭಕ್ತಿಯ ಸಂದರ್ಭಗಳೆಂದು ವರದಿಗಾರರು ಬರೆಯುತ್ತಾರೆ. ಹೆಂಗಸರಿಗೆ ಇವು ಇನ್ನೂ ಒಂದು ಕೆಲಸ ಮಾಡಿಕೊಡುತ್ತವೆ. ತಾರೀಖು ಮೊದಲೇ ಗೊತ್ತು. ಕಾಗದ ಬರೆಯಬೇಕಿಲ್ಲ, ಯಾರ ಬಾಯಲ್ಲೂ ಹೇಳಿಕಳಿಸಬೇಕಿಲ್ಲ. ಎಲ್ಲ ಜಾತಿಯವರೂ ಬರುತ್ತಾರೆ. ಹರಕೆಗೆ ಬೇಡವೆನ್ನುವ ಧೈರ್ಯ ಯಾವ ಗಂಡನಿಗೂ ಇಲ್ಲ. ದೊಡ್ಡಮ್ಮ ಮತ್ತು ಅವರ ಗೆಳತಿ ಮದುವೆಯಾದ ಮೇಲಿನ ವರ್ಷಗಳಲ್ಲಿ ಹೆಚ್ಚಿನ ಸಲ ಭೇಟಿಯಾದದ್ದು ಗೌರಸಮುದ್ರದಲ್ಲೇ, ಅದೂ ಮಕ್ಕಳ ಕೈ ಹಿಡಿದುಕೊಂಡು, ಗುಂಪಿನಲ್ಲಿ ನಿಂತೇ, ಅರ್ಧ ಗಂಟೆ. ಮಾರಮ್ಮನ ಮೇಲೆ ಇಬ್ಬರಿಗೂ ಭಕ್ತಿ ಇದೆ. ಅದರಲ್ಲಿ ಗೆಳತಿಯ ಪಾಲೆಷ್ಟು, ದೇವಿಯ ಪಾಲೆಷ್ಟು ಎಂದು ಕೇಳುವ ಅಧಿಕಪ್ರಸಂಗ ನಾನು ಮಾಡಿಲ್ಲ.

ಫೋನು ಬಂದ ಮೇಲೆ ಇದೆಲ್ಲ ಹಳೇ ಕಥೆ ಎನ್ನುವವರಿದ್ದಾರೆ. ಫೋನು ಸುದ್ದಿ ಮುಟ್ಟಿಸುತ್ತದೆ, ಆ ಮಟ್ಟಿಗೆ ದೊಡ್ಡ ಉಪಕಾರ. ಆದರೆ ಹಳ್ಳಿಯ ಮನೆಯಲ್ಲಿ ವಯಸ್ಸಾದ ಹೆಂಗಸಿನ ಫೋನು ಬಹಳ ಸಲ ಅವಳದ್ದಾಗಿರುವುದಿಲ್ಲ. ಮಗನದ್ದೋ ಮೊಮ್ಮಗನದ್ದೋ ಆಗಿರುತ್ತದೆ. ಕರೆ ಬಂದರೆ ಮೊದಲು ಎತ್ತುವವರು ಅವರು, ಸ್ಪೀಕರಿಗೆ ಹಾಕುವವರೂ ಅವರೇ. ಸೊಸೆ ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುತ್ತಿರುವಾಗ ಸೊಸೆಯ ವಿಚಾರ ಗೆಳತಿಗೆ ಹೇಳುವುದು ಹೇಗೆ? ವಿಡಿಯೋ ಕಾಲಿನಲ್ಲಿ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿ 'ಸೊರಗೀಯ' ಅಂದುಕೊಳ್ಳುತ್ತಾರೆ, 'ಊಟ ಆತಾ' ಅಂದುಕೊಳ್ಳುತ್ತಾರೆ, ನೆಟ್‌ವರ್ಕ್ ಹೋಗುತ್ತದೆ. ಅಷ್ಟಾದ ಮೇಲೆ ಮನೆಯವರಿಗೆ ಇನ್ನೊಂದು ಸಬೂಬು ಸಿಕ್ಕಂತಾಯಿತು: ಮೊನ್ನೆ ತಾನೆ ಮಾತಾಡಿದ್ದೀಯಲ್ಲ, ಮತ್ತೆ ಹೋಗೋದೇನು?

ಬಸ್ಸಿನ ವಿಚಾರದಲ್ಲಿ ನಿಜವಾದ ಬದಲಾವಣೆ ಆಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು; ರಾಜ್ಯದೊಳಗೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮೊದಲ ವಾರಗಳಲ್ಲೇ ಧರ್ಮಸ್ಥಳ, ಕುಕ್ಕೆಗಳ ನೂಕುನುಗ್ಗಲಿನ ಫೋಟೋ ಹಾಕಿ, ಹೆಂಗಸರು ಕೆಲಸವಿಲ್ಲದೆ ತಿರುಗುತ್ತಿದ್ದಾರೆ ಎಂದು ನಕ್ಕವರು ಕಡಿಮೆಯಿಲ್ಲ. ಕೆಲಸವಿಲ್ಲದೆ ತಿರುಗುವ ಹಕ್ಕು ಗಂಡಸರಿಗೆ ಯಾವ ಯೋಜನೆಯೂ ಇಲ್ಲದೆ ಸಿಕ್ಕಿದೆ, ಅರಳಿಕಟ್ಟೆಗಳೇ ಅದಕ್ಕೆ ಸಾಕ್ಷಿ. ಯೋಜನೆಯ ಖರ್ಚು ನಿಗಮಗಳಿಗೆ ಹೇಗೆ ತುಂಬಿಕೊಡಬೇಕು ಎಂಬ ಚರ್ಚೆ ಬೇಕಾದದ್ದೇ. ಆದರೆ ಗಂಡನ ಮುಂದೆ ಕೈ ಚಾಚದೆ ಒಂದು ಊರಿಗೆ ಹೋಗಿ ಬರುವುದು ಎಷ್ಟೋ ಹೆಂಗಸರಿಗೆ ಆಗ ಮೊದಲ ಸಲ ಸಾಧ್ಯವಾಯಿತು ಎಂಬುದನ್ನು ಆ ಲೆಕ್ಕದೊಳಗೆ ಸೇರಿಸಬೇಕು. ಗಡಿ ಸೀಮೆಯ ಪಾಡು ಮಾತ್ರ ಸ್ವಲ್ಪ ಬೇರೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ಆಂಧ್ರಕ್ಕೆ ಹೋಯಿತು. ಹೆಣ್ಣು ಕೊಟ್ಟು ತರುವ ಸಂಬಂಧ ಹಾಗೇ ಉಳಿಯಿತು. 2025ರ ಆಗಸ್ಟ್ 15ರಿಂದ ಆಂಧ್ರದಲ್ಲೂ ಸ್ತ್ರೀ ಶಕ್ತಿ ಎಂಬ ಹೆಸರಿನಲ್ಲಿ ಉಚಿತ ಪ್ರಯಾಣ ಬಂದಿದೆ. ಎರಡೂ ರಾಜ್ಯಗಳಲ್ಲಿ ಬಿಟ್ಟಿ, ನಡುವಿನ ಗೆರೆ ದಾಟುವ ಬಸ್ಸಿಗೆ ಟಿಕೆಟ್.

ಶಕ್ತಿ ಯೋಜನೆಗೆ ಎರಡು ತಿಂಗಳು ಮೊದಲು, 2023ರ ಏಪ್ರಿಲ್ 2ರಂದು, ಇದೇ ಚಳ್ಳಕೆರೆಯ ಪರೀಕ್ಷಾ ನೆಲೆಯಲ್ಲಿ ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ಯಾರ ಕೈಯನ್ನೂ ಕಾಯದೆ ತಾನೇ ದಾರಿ ನೋಡಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. ದೊಡ್ಡಮ್ಮನಿಗೆ ಆ ಸ್ವಾತಂತ್ರ್ಯ ಇನ್ನೂ ಬಂದಿಲ್ಲ.

ಇಷ್ಟೆಲ್ಲ ಅಡ್ಡಿ ದಾಟಿ ಸೇರಿದಾಗ ಏನಾಗುತ್ತದೆ? ಒಂದು ಬೇಸಿಗೆಯಲ್ಲಿ ಅದನ್ನು ಹತ್ತಿರದಿಂದ ನೋಡಿದೆ. ಹಟ್ಟಿಯಲ್ಲಿ ತಮ್ಮನ ಮಗನ ಮದುವೆಗೆಂದು ಬಂದಿದ್ದ ಗೆಳತಿ, ಮದುವೆ ಮುಗಿದ ಮೇಲೆ ಒಂದು ರಾತ್ರಿ ದೊಡ್ಡಮ್ಮನ ಮನೆಯಲ್ಲಿ ಉಳಿದರು. ತಬ್ಬಿಕೊಳ್ಳಲಿಲ್ಲ. 'ಬಂದ್ಯೇನೇ, ಕಾಲು ತೊಳ್ಕಾ' ಅಂದರು ದೊಡ್ಡಮ್ಮ. ಬಿತ್ತನೆಗೆ ಶೇಂಗಾ ಬೀಜ ಸುಲಿಯುವ ಕಾಲ ಅದು. ಜಗುಲಿಯ ಮೇಲೆ ಚೀಲ ಸುರಿದಿತ್ತು. ಗೆಳತಿ ಕಾಫಿ ಲೋಟ ಕೆಳಗಿಟ್ಟು, ಯಾರೂ ಹೇಳದೆ, ಪಕ್ಕದಲ್ಲಿ ಕೂತು ಸುಲಿಯತೊಡಗಿದರು. ಕಾಯಿಯ ಮೂತಿಯನ್ನು ಹೆಬ್ಬೆರಳಲ್ಲಿ ಒತ್ತಿ ಚಟ್ ಎಂದು ಬಿಡಿಸಬೇಕು, ಒಳಗಿನ ಕೆಂಪು ಸಿಪ್ಪೆ ತರಚಬಾರದು, ತರಚಿದ ಬೀಜ ಮೊಳೆಯುವುದು ಕಷ್ಟ. ಹಾಗಾಗಿ ಕಣ್ಣು ಕೈಯ ಮೇಲೇ ಇರಬೇಕು, ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ. ಆ ಸಂಜೆಯೆಲ್ಲ ಅವರು ಆಡಿದ್ದು ಬರೀ ಲೆಕ್ಕದ ಮಾತು: ಯಾರು ಸತ್ತರು, ಯಾರ ಮಗಳಿಗೆ ಎಲ್ಲಿಂದ ಗಂಡು ಬಂತು, ಬೋರು ಎಷ್ಟು ಅಡಿಗೆ ಹೋಯಿತು, ಕುರಿ ಎಷ್ಟಕ್ಕೆ ಮಾರಾಟವಾಯಿತು. ಗೆಳತಿಯ ಕನ್ನಡದಲ್ಲಿ ಈಗ ತೆಲುಗು ಬೆರೆತಿದೆ, ಮೊಮ್ಮಕ್ಕಳು ಓದುವುದೂ ತೆಲುಗಿನಲ್ಲೇ. ನನಗೆ ಬೇಸರವೇ ಆಯಿತು, ಇದಕ್ಕಾ ಇಷ್ಟು ವರ್ಷದ ಸ್ನೇಹ ಅನ್ನುವುದು ಎಂದು.

ಮರುದಿನ ಬೆಳಗಿನ ಜಾವ, ಮನೆಯವರು ಏಳುವ ಮೊದಲು, ಜಗುಲಿಯಲ್ಲಿ ಮತ್ತೆ ಚಟ್ ಚಟ್ ಸದ್ದು. ಈಗ ಮಾತು ಬೇರೆ ದನಿಯಲ್ಲಿತ್ತು. ಗೆಳತಿ ತಾನು ಕಳೆದುಕೊಂಡ ಒಂದು ಮಗುವಿನ ಬಗ್ಗೆ ಹೇಳುತ್ತಿದ್ದರು. ಆ ವಿಷಯ ಅವರ ಸ್ವಂತ ಅಕ್ಕತಂಗಿಯರಿಗೂ ಪೂರ್ತಿ ಗೊತ್ತಿಲ್ಲವಂತೆ. ನಾನು ಕಂಬಳಿಯೊಳಗೆ ಎಚ್ಚರವಿದ್ದರೂ ಏಳಲಿಲ್ಲ. ನೆಂಟರಿಗೆ ಹೇಳಲಾಗದ ಮಾತುಗಳಿರುತ್ತವೆ, ಏಕೆಂದರೆ ನೆಂಟರಿಗೆ ಆ ಮಾತಿನಲ್ಲಿ ಪಾಲಿರುತ್ತದೆ: ಇಂದು ತಂಗಿಗೆ ಹೇಳಿದ್ದು ನಾಳೆ ಬೀಗರ ಮನೆಯಲ್ಲಿ ನ್ಯಾಯಕ್ಕೆ ಬರಬಹುದು. ಗೆಳತಿಗೆ ಆಸ್ತಿಯಲ್ಲೂ ಪಾಲಿಲ್ಲ, ಮಾನದಲ್ಲೂ ಪಾಲಿಲ್ಲ. ಅವಳನ್ನು ಯಾವ ವರಸೆಗೂ ಸೇರಿಸದ ಲೋಕವೇ ಅವಳನ್ನು ಹೀಗೆ ನಂಬಬಹುದಾದವಳನ್ನಾಗಿ ಮಾಡಿದೆ.

ಇಲ್ಲೇ ನನ್ನ ವಾದಕ್ಕೆ ಗಟ್ಟಿಯಾದ ಎದುರುವಾದ ಹುಟ್ಟುತ್ತದೆ. ಗೆಳತಿಯ ಬೆಲೆಯೇ ಅವಳು ಕಟ್ಟುಪಾಡಿನ ಹೊರಗಿರುವುದರಲ್ಲಿ ಇರುವಾಗ, ಅವಳನ್ನು ನೋಡುವುದನ್ನು ಕರ್ತವ್ಯ ಮಾಡಿದರೆ, ಮದುವೆಯ ಮುಯ್ಯಿಯಂತೆ ಅದೂ ಲೆಕ್ಕದ ಪುಸ್ತಕ ಸೇರುವುದಿಲ್ಲವೇ? ಹೋಗಲಿಲ್ಲ ಎಂದು ಮುನಿಸು, ಕರೆಯಲಿಲ್ಲ ಎಂದು ದೂರು? ಈ ಭಯದಲ್ಲಿ ಹುರುಳಿದೆ. ಅದಕ್ಕೇ ನಾನು ಸ್ನೇಹಕ್ಕೆ ಶಾಸ್ತ್ರ ಸಂಪ್ರದಾಯ ಕೇಳುತ್ತಿಲ್ಲ. ಕೇಳುತ್ತಿರುವುದು ಬಿಡುವು: ಹೋಗುವ ಹೆಂಗಸು ಹೋಗದಿರಲೂಬಹುದು, ಆದರೆ ಹೊರಟರೆ ಕಾರಣ ಸಾಲದು ಎನ್ನುವ ಮಾತು ಬರಬಾರದು. ಗಂಡಸಿಗೆ ಈ ಬಿಡುವು ಸಿಕ್ಕಿಯೂ ಅವನ ಸ್ನೇಹಗಳೇನೂ ಕಟ್ಟುಪಾಡಾಗಿ ಕೆಟ್ಟಿಲ್ಲ. ಮನೆಗೆಲಸ ಯಾರು ನೋಡಿಕೊಳ್ಳಬೇಕು ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ತಿಥಿಗೆ ಹೋದಾಗ ನೋಡಿಕೊಂಡವರೇ ನೋಡಿಕೊಳ್ಳಬಹುದು.

ಜಾತ್ರೆಯನ್ನು ಬಿಟ್ಟರೆ ಇದುವರೆಗಿನ ಭೇಟಿಗಳಲ್ಲೆಲ್ಲ ಬಂದವರು ಹಟ್ಟಿಯ ಗೆಳತಿಯೇ ಎಂಬುದನ್ನು ಗಮನಿಸಬೇಕು. ಅವರಿಗೆ ತವರು ಎಂಬ ಕಾರಣವಿತ್ತು. ಅಪ್ಪ ಅಮ್ಮ ಹೋದರು, ಆದರೂ ತಮ್ಮನ ಮನೆ ಇತ್ತು. ತಮ್ಮನ ಮಗನ ಮದುವೆಯೂ ಆಯಿತು, ಇನ್ನು ಆ ಮನೆ ಹೊಸ ಸೊಸೆಯದು. ಊರಲ್ಲೇ ಉಳಿದ ದೊಡ್ಡಮ್ಮನಿಗೆ ರಾಯದುರ್ಗದ ಆ ಹಳ್ಳಿಯಲ್ಲಿ ನೆಂಟರಿಲ್ಲ, ಹರಕೆಯ ದೇವರೂ ಇಲ್ಲ. ಹಾಗಾಗಿ ಗೆಳತಿ 40 ವರ್ಷ ಅಡುಗೆ ಮಾಡಿದ ಒಲೆಯನ್ನು ಅವರು ಒಮ್ಮೆಯೂ ನೋಡಿಲ್ಲ. ದೂರ ಹೋದವರು ಬರಬೇಕು, ಉಳಿದವರು ಕಾಯಬೇಕು ಎಂಬ ಏರ್ಪಾಡು ಬೆಂಗಳೂರು ಸೇರಿದ ಗಂಡಸರ ಸ್ನೇಹದಲ್ಲೂ ಇದೆ. ರಜೆ ಯಾವಾಗ, ಹಬ್ಬ ಯಾವಾಗ ಎಂದು ಗೊತ್ತುಮಾಡುವವನು ಪಟ್ಟಣದವನು. ಹಳ್ಳಿಯವನ ಶೇಂಗಾ ಕೀಳುವ ದಿನ ಅವನಿಗೆ ಗೊತ್ತಿರುವುದಿಲ್ಲ. ಪಟ್ಟಣದ ಮನೆಗೆ ಹಳ್ಳಿಯ ಗೆಳೆಯನನ್ನು ಕರೆದು ಎರಡು ದಿನ ಇಟ್ಟುಕೊಂಡವರು ಕಡಿಮೆ. ಗಂಡಸರಿಗೆ ಅಲ್ಲಿ ಅಂತಸ್ತು ಅಡ್ಡ ಬರುತ್ತದೆ, ಹೆಂಗಸರಿಗೆ ಹೊಸ್ತಿಲೇ ಅಡ್ಡ.

ದೊಡ್ಡಮ್ಮನ ಮಗ ಒಳ್ಳೆಯವನು. ತಾಯಿಯ ಆಸೆ ಗೊತ್ತಾದ ಮೇಲೆ, ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಮುಖ ತೋರಿಸಿ ಸಂಜೆಯೊಳಗೆ ವಾಪಸ್ ಕರೆತರುತ್ತೇನೆ ಎಂದ. ಅವರು ಒಪ್ಪಿಲ್ಲ. ಬಸ್ಸಿನಲ್ಲೇ ಹೋಗಬೇಕಂತೆ, ಎರಡು ರಾತ್ರಿ ಇರಬೇಕಂತೆ. ಮೊದಲ ದಿನ ಬರೀ ಸತ್ತವರ ಕೆಟ್ಟವರ ಸುದ್ದಿಗೇ ಆಗಿಬಿಡುತ್ತದೆ, ನಿನಗೇನು ಗೊತ್ತು ಎಂದು ಅವನನ್ನೇ ಬೈದರು. ಮಾತು ಅಲ್ಲಿಗೇ ನಿಂತಿದೆ. ಶೇಂಗಾ ಒಕ್ಕಣೆ ಮುಗಿಯಲಿ, ನೋಡೋಣ ಎಂದಿದ್ದಾನೆ ಮಗ.